ಅಂಚಿನ ಲಾಳಿ

ದೇವೇಂದ್ರ ಮಗ್ಗದಲ್ಲಿ ದೂಡಿದ ಲಾಳಿ ಮರಳಿ ಬರಲಿಲ್ಲ.

ಮೊಳಕಾಲ್ಮುರು ಸೀರೆಯ ಬೇರೆ ಬಣ್ಣದ ಅಂಚು ಒಬ್ಬನಿಂದ ಆಗುವ ಕೆಲಸವಲ್ಲ. ಪಕ್ಕದಲ್ಲಿ ಕುಳಿತವರು ಲಾಳಿಯನ್ನು ಹಿಂದಿರುಗಿಸಬೇಕು. ಆ ಸಂಜೆ ಅಲ್ಲಿ ಕುಳಿತಿದ್ದವಳು ಮಗಳು ಹರಿಪ್ರಿಯಾ. ಹಾಡಿಲ್ಲದಿದ್ದರೆ ಮೆಟ್ಟು ತುಳಿಯುವ ದೇವೇಂದ್ರನ ಕಾಲಿಗೆ ತಾಳ ಹತ್ತುತ್ತಿರಲಿಲ್ಲ. ಎಂದಿನಂತೆ ಹೊಸ ಸಿನಿಮಾ ಹಾಡೊಂದನ್ನು ಗುನುಗುತ್ತಿದ್ದ: ‘ಒಲ್ಲೆ ಅಂದ್ರೆ ಒಪ್ಪಿಗೆ ಕಣೇ, ಬೈದ್ರೆ ಅದು ಬೆಲ್ಲ ಕಣೇ...’

“ಲಾಳಿ ಕೊಡೇ.”

“ಕೊಡಲ್ಲ. ನಾಳೆಯಿಂದ ಚಳ್ಳಕೆರೆ ಕಾಲೇಜಿಗೂ ಹೋಗಲ್ಲ.”

“ಯಾಕೆ? ಯಾರೇನಂದ್ರು?”

“ಬಸ್ಸಲ್ಲಿ ಒಬ್ಬ ದಿನಾ ಕಿವಿ ಹತ್ರ ಬಂದು ಇದೇ ಹಾಡು ಹೇಳ್ತಾನೆ. ಬ್ಯಾಡ ಅಂದೆ, ಒಪ್ಪಿಗೆ ಅಂದ. ಬೈದೆ. ಬಸ್ಸಿಗೆ ಬಸ್ಸೇ ನಕ್ತು.”

“ಯಾವನವನು? ಕಾಲು ಮುರೀತೀನಿ!”

“ಮುರಿ. ಮನೆಗೆ ಬಂದ್ರೆ ಇಲ್ಲೂ ಅದೇ ಹಾಡು. ನಾನೆಲ್ಲಿ ಕೂತ್ಕಳ್ಳಲಿ, ಅಪ್ಪಾ?”

ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟ ಅವನ ಕಾಲುಗಳು ಕದಲಲಿಲ್ಲ. ನಿತ್ಯ ಊದುಬತ್ತಿ ಬೆಳಗಿ, ಕೈಮುಗಿದು ಕೂರುವ ಮಗ್ಗ. ಯಾವ ಮನೆಯ ಮದುವಣಗಿತ್ತಿ ಉಡುವ ಸೀರೆಯೋ. ಮೊದಲ ಎಳೆಯಿಂದ ಈ ಎಳೆಯವರೆಗೂ ಆ ಹಾಡಿಗೇ ಅದನ್ನು ನೇಯ್ದುಕೊಂಡು ಬಂದಿದ್ದ. ಕೆಂಡ ಮುಟ್ಟಿದವನಂತೆ ಬಟ್ಟೆಯ ಮೇಲಿಂದ ಕೈ ತೆಗೆದ.

ಗೋಡೆಗೊರಗಿ ರಾಟೆ ತಿರುಗಿಸುತ್ತಿದ್ದ ತಾಯಿ ತಿಪ್ಪಮ್ಮನ ಕಡೆ ತಿರುಗಿದ. “ಅವ್ವಾ, ನಿಮ್ಮ ಕಾಲದ್ದು ಒಂದು ಒಳ್ಳೇ ಹಾಡು ಹೇಳು. ಅದಕ್ಕೇ ನೇಯ್ತೀನಿ.”

“ಹೂಂ ಮತ್ತೆ, ಈಗಿನವೂ ಒಂದು ಹಾಡಾ? ನಾಯಿ ಬೊಗಳಿದಂಗೈತೆ.” ತಿಪ್ಪಮ್ಮ ಸೆರಗು ಸರಿಪಡಿಸಿಕೊಂಡು, ದೇವರ ಮುಂದೆ ಹಾಡುವ ಭಕ್ತಿಯಿಂದಲೇ ದನಿಯೆತ್ತಿದಳು: ‘ತಲೆಯ ಬಗ್ಗಿಸಿ ನಡೆಯೆ ಮಗಳೆ, ಹೊಡೆದರೂ ನಗುನಗುತ ಬಾಳೆ...’

ಸಾಲು ಮುಗಿಯುವ ಮೊದಲೇ ಅವಳ ಕಣ್ಣು ಮೊಮ್ಮಗಳ ಮುಖಕ್ಕೆ ತಾಗಿತು. ಹಾಡು ನಿಂತಿತು. ರಾಟೆಯೂ ನಿಂತಿತು.

ತನ್ನ ಬಾಯಿಂದ ಹೊರಟದ್ದನ್ನು ತಾನೇ ಮೊದಲ ಸಲ ಕೇಳಿದವಳಂತೆ ಮುದುಕಿ ಕುಳಿತಿದ್ದಳು. ಮನಸ್ಸಿನಲ್ಲೇ ಇನ್ನೊಂದು ಹಾಡು ಹುಡುಕಿದಳು, ಮತ್ತೊಂದು ಹುಡುಕಿದಳು. ಒಂದೊಂದರಲ್ಲೂ ಅದೇ ಬಗ್ಗಿದ ತಲೆ, ಅದೇ ಹೊಡೆತ.

“ಯಾವುದೂ ಬ್ಯಾಡ ಬಿಡವ್ವಾ,” ಎಂದ ದೇವೇಂದ್ರ. ಆಮೇಲೆ ಮಗಳಿಗೆ, “ಕಾಲೇಜು ಬಿಡಬ್ಯಾಡ. ನಾಳೆ ಬಸ್ಸಿಗೆ ನಾನೂ ಬರ್ತೀನಿ.”

ಹರಿಪ್ರಿಯಾ ಲಾಳಿಯನ್ನು ದೂಡಿದಳು. ಹಾಡಿಲ್ಲದ ಕಾಲು ತಡವರಿಸಿತು. ಅಂಚು ಸೊಟ್ಟಗೆ ಬಂತು.

ಕೂದಲೆಳೆಯಷ್ಟು ಸೊಟ್ಟವಾದರೂ ಬಿಚ್ಚಿ ನೇಯುತ್ತಿದ್ದ ದೇವೇಂದ್ರ ಅದನ್ನು ಬಿಚ್ಚಲಿಲ್ಲ.