ಉತ್ತರ ಬರೆಯದ ಹೆಂಡತಿ

"ಹದಿನಾಲ್ಕು ಕಾಗದ ಬರೆದಿದಾನಲ್ಲೇ ಆ ಗಂಡ! ಪಾಪ, ಕೊಡೆ ಎಲ್ಲಿದೆ ಅಂತ ಕೇಳಿ ಕೇಳಿ ಸೋತುಹೋದ. ಒಂದಕ್ಕಾದರೂ ಉತ್ತರ ಬರೀಬಾರದಾ? ಎಂಥ ಕಲ್ಲೆದೆಯವಳೇ ಇವಳು!" ಅತ್ತೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದರು.

ಅತ್ತೆಗೆ ಕಣ್ಣು ಕಾಣದು. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ಕಿವಿ ಮಾತ್ರ ಇರುವೆ ನಡೆದರೂ ಬಿಡದು. ಕಂಪ್ಯೂಟರ್ ಓದಿ ಹೇಳುವ ಪುಸ್ತಕಗಳನ್ನು ಮೊದಲು ಕೇಳಿ "ಹೂಂ" ಅನ್ನುವವರು ಅವರೇ. ಆ ಹೂಂ ಬೀಳದೆ ಪ್ರಕಾಶಕರು ಯಾವುದನ್ನೂ ಹೊರಗೆ ಬಿಡರು. ತವರಿಗೆ ಹೋದ ಹೆಂಡತಿಯೂ ಮನೆಯಲ್ಲುಳಿದ ಗಂಡನೂ ಬರೆದುಕೊಂಡ ಕಾಗದಗಳ ಈ ಪುಸ್ತಕವನ್ನು ಸಿದ್ಧಮಾಡಿದವಳು ಸೊಸೆ; ಅವಳ ಮೊದಲ ಪುಸ್ತಕ. ನಾಲ್ಕಕ್ಕೆ ಬಿಡುಗಡೆ. ಈಗ ಒಂದೂವರೆ.

"ಎಲ್ಲಕ್ಕೂ ಬರೆದಿದಾಳೆ ಅತ್ತೆ. ಅವನದು ಇಂಗ್ಲಿಷು, ಇವಳದು ಕನ್ನಡ. ಇಲ್ಲೇ, ನೋಡಿ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ನನ್ನ ಕಿವಿಗಂತೂ ಬೀಳಲಿಲ್ಲಮ್ಮ. ಬೆಳಿಗ್ಗೆಯಿಂದ ಆ ಹೆಂಗಸನ್ನ ಬಾಯಿಗೆ ಬಂದಹಾಗೆ ಬೈತಾ ಕೂತಿದೀನಿ."

ಸೊಸೆಗೆ ತನ್ನ ತಪ್ಪು ಹೊಳೆಯಿತು. ಯಾವ ಭಾಷೆಯಲ್ಲಿ ಓದಬೇಕೆಂದು ಕಂಪ್ಯೂಟರಿಗೆ ತಿಳಿಸಲು ಪುಸ್ತಕದ ಬಾಗಿಲಲ್ಲಿ "ಇದು ಇಂಗ್ಲಿಷ್" ಎಂದು ಒಂದೇ ಗುರುತು ಹಾಕಿ ಕೈ ತೊಳೆದುಕೊಂಡಿದ್ದಳು. ಓದುವ ದನಿಯೋ, ಹೇಳಿದಷ್ಟು ಮಾತ್ರ ಮಾಡುವಂಥದ್ದು. ಕನ್ನಡ ಬಂದಲ್ಲೆಲ್ಲ ಕೆಸರು ಕಂಡವರ ಹಾಗೆ ಸದ್ದಿಲ್ಲದೆ ಹಾರಿ ದಾಟಿಬಿಟ್ಟಿತ್ತು.

"ಇವತ್ತೊಂದಿನ ಹೂಂ ಅಂದ್ಬಿಡಿ ಅತ್ತೆ, ನಾಳೆ ಸರಿಮಾಡ್ತೀನಿ."

"ಅಲ್ಲೀತನಕ ನನ್ನಂಥವರೆಲ್ಲ ಅವಳನ್ನ ಬೈತಾ ಇರಬೇಕಾ? ಕೂತ್ಕೊಳ್ಳೇ. ನೀನು ಹಾಕ್ತಾ ಹೋಗು, ನಾನು ಕೇಳ್ತಾ ಹೋಗ್ತೀನಿ."

ಸೊಸೆ ಒಂದೊಂದು ಕಾಗದದ ನೆತ್ತಿಗೂ ಅದರದರ ಭಾಷೆಯ ಗುರುತು ಹಾಕಿದಳು. ಫೋನು ಎರಡು ಸಲ ಬಡಿದುಕೊಂಡಿತು. "ಅಮ್ಮ ಹೂಂ ಅಂದ್ರಾ?" ಎಂದರು ಪ್ರಕಾಶಕರು. "ಇನ್ನೂ ಉಹೂಂ ಸಾರ್," ಎಂದಳು ಸೊಸೆ. ಅತ್ತ ಅತ್ತೆಯ ಮುಖ ಕಾಗದದಿಂದ ಕಾಗದಕ್ಕೆ ಅರಳುತ್ತಿತ್ತು. "ಅಬ್ಬಾ, ಇವಳ ಬಾಯೇ! ಇಂಥವಳನ್ನ ಮೂಗಿ ಮಾಡಿದ್ಯಲ್ಲೇ!"

ಮೂರೂ ಮುಕ್ಕಾಲಿಗೆ ಕೊನೆಯ ಕಾಗದ. ಸೊಸೆ ಹೆಡ್‌ಫೋನಿನ ವಯರು ಕಿತ್ತಳು. ದನಿ ಕೋಣೆಗೆಲ್ಲ ಕೇಳಿತು:

"ಕೊಡೆ ಎಲ್ಲಿದೆ ಎಂದು ಮತ್ತೆ ಕೇಳಿದ್ದೀರಿ. ಬಾಗಿಲ ಹಿಂದೆ ಇದೆ ಎಂದು ನಾಲ್ಕು ಕಾಗದದಲ್ಲಿ ಬರೆದಿದ್ದೇನೆ. ಒಂದನ್ನಾದರೂ ಪೂರ್ತಿ ಓದಿದ್ದರೆ ಇಷ್ಟು ದಿನ ನೆನೆಯಬೇಕಿರಲಿಲ್ಲ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೂಂ," ಅಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಆ ಗಂಡನಿಗೂ ಯಾರಾದರೂ ಒಂದು ಗುರುತು ಹಾಕ್ಕೊಡಬೇಕಾಗಿತ್ತು ಕಣೇ."