ಹೂಡಿಕೆದಾರರ ಮನೆ

ದೇವಸ್ಥಾನದ ಮುಂದೆ ಅದಲುಬದಲಾದ ಚಪ್ಪಲಿಗಳನ್ನು ಹುಡುಕಿಕೊಡುವ ಆ್ಯಪ್ ಮಾಡಿದ್ದ ಸುಮುಖನನ್ನು ಕೊನೆಗೂ ಒಬ್ಬ ಹೂಡಿಕೆದಾರರು ಮನೆಗೇ ಕರೆದಿದ್ದರು. ಅಪಾರ್ಟ್‌ಮೆಂಟಿನ ಒಂದೇ ಥರದ ಬಾಗಿಲುಗಳಲ್ಲಿ ಒಂದನ್ನು ತೆರೆದ ಹಿರಿಯರು, "ಬನ್ನಿ ಬನ್ನಿ, ನಿಮಗೇ ಕಾಯ್ತಾ ಇದ್ವಿ," ಎಂದು ಕೂರಿಸಿ, ಹೆಂಡತಿಯಿಂದ ಕೇಸರಿಬಾತ್ ಕೊಡಿಸಿದರು. ಇಷ್ಟು ಆದರವನ್ನು ಅವನು ಯಾವ ಹೂಡಿಕೆದಾರರಲ್ಲೂ ಕಂಡಿರಲಿಲ್ಲ. ಏನನ್ನೂ ಮುಚ್ಚಿಡಬಾರದು ಎಂದುಕೊಂಡ.

"ಸ್ವಂತ ಕಂಪನಿ ಅಂತ ಕೇಳಿದೆ," ಎಂದರು ಹಿರಿಯರು.

"ಹೌದು ಸಾರ್. ಮೊದಲು ಒಬ್ಬಳು ಪಾರ್ಟ್ನರ್ ಇದ್ಲು. ವರ್ಷದೊಳಗೇ ಬಿಟ್ಟು ಹೋದ್ಲು."

ಹಿರಿಯರ ಹೆಂಡತಿಗೆ ಕೆಮ್ಮು ಬಂತು. "ಯಾಕಪ್ಪಾ?"

"ಇನ್ನೂ ಇಬ್ಬರನ್ನ ಸೇರಿಸ್ಕೊಳ್ಳೋಣ ಅಂದೆ ಅಮ್ಮಾ. ಅವಳಿಗೆ ಹಿಡಿಸಲಿಲ್ಲ."

ಹಿರಿಯರು ಹಣೆ ಒರೆಸಿಕೊಂಡರು. "ನಮ್ಮಿಂದ ಏನು ನಿರೀಕ್ಷೆ?"

"ಎರಡು ಕೋಟಿ. ಬೇರೆ ಕಡೆನೂ ಮಾತುಕತೆ ನಡೀತಿದೆ ಸಾರ್. ಯಾರು ಮೊದಲು ಕೊಡ್ತಾರೋ ಅವರ ಜೊತೆ ಮುಗಿಸಿಬಿಡ್ತೀನಿ."

ಹಿರಿಯರು ಎದ್ದು ನಿಂತರು. ಅವರ ಬಾಯಿಂದ ಮಾತು ಹೊರಡುವ ಮೊದಲೇ ರೇಷ್ಮೆ ಸೀರೆ ಉಟ್ಟ ಮಗಳು ಫೋನ್ ಹಿಡಿದುಕೊಂಡು ಕೋಣೆಯಿಂದ ಬಂದಳು.

"ಅಪ್ಪಾ, ನನ್ನನ್ನ ನೋಡೋಕೆ ಬರೋ ಹುಡುಗ ಇನ್ನೂ ಟ್ರಾಫಿಕ್ಕಲ್ಲೇ ಇದ್ದಾರಂತೆ."