ಅಕ್ಕ ಹಾಕಿದ ಸಹಿ

ಎಚ್ಚರವಿಲ್ಲದ ರೋಗಿಯ ಹಣೆಗೆ ಮನಸ್ಸು ಓದುವ ಪಟ್ಟಿ ಕಟ್ಟಿ ಒಪ್ಪಿಗೆ ಕೇಳುವುದು ಈಗ ಆಸ್ಪತ್ರೆಗಳಲ್ಲಿ ಜ್ವರ ನೋಡುವಷ್ಟೇ ಮಾಮೂಲಿ. ರೋಗಿಯ ಉತ್ತರ ಹೌದಾದರೆ ಪಟ್ಟಿಯಲ್ಲಿ ಹಸಿರು ದೀಪ, ಇಲ್ಲವಾದರೆ ಕೆಂಪು. ಆದರೆ ಲೈನ್‌ಮನ್ ಫಕೀರಪ್ಪ ಕಂಬದಿಂದ ಬಿದ್ದು ಎಚ್ಚರ ತಪ್ಪಿದಾಗ ಆ ಪಟ್ಟಿ ಇನ್ನೂ ಬಂದಿರಲಿಲ್ಲ. ಹೊಸ ಔಷಧದ ಪ್ರಯೋಗಕ್ಕೆ ಅವನ ಪರವಾಗಿ ಅಕ್ಕ ನೀಲವ್ವ ಸಹಿ ಹಾಕಿದ್ದಳು. ಅಂದಿನಿಂದ ಮೂರು ವರ್ಷ, ಎಚ್ಚರವಿಲ್ಲದೆ ಮಲಗಿದ್ದ ಅವನ ಬೆನ್ನಿಗೆ ವಾರಕ್ಕೊಮ್ಮೆ ಸೂಜಿ ಚುಚ್ಚಿದ್ದರು.

ಈ ಆಸ್ಪತ್ರೆಗೆ ಪಟ್ಟಿ ಬಂದದ್ದು ಮೊನ್ನೆಯಷ್ಟೇ. ಇವತ್ತು ಡಾಕ್ಟರ್ ಶಕೀಲಾ ಮೊದಲ ಸಲ ಅವನಿಗೆ ಅದನ್ನು ಕಟ್ಟಿ ಕೇಳಿದರು: "ಫಕೀರಪ್ಪ, ಈ ಔಷಧ ಮುಂದುವರಿಸೋಣೇನು?"

ಕೆಂಪು ದೀಪ ಹತ್ತಿತು.

"ಸೂಜಿ ಚುಚ್ಚಿದಾಗ ನೋವಾಗ್ತಿತ್ತೇನು?"

ಹಸಿರು.

ನೀಲವ್ವ ಮಂಚದ ಕಂಬಿ ಹಿಡಿದುಕೊಂಡಳು. "ಅಂವ ಯಾರಿಗೂ ಒಲ್ಲೆ ಅಂದಾಂವ ಅಲ್ರೀ ಡಾಕ್ಟ್ರೇ. ಅದಕ್ಕ ನಾ ಒಪ್ಕೊಂಡೆ."

"ಆಗ ಕೇಳಾಕ ದಾರಿನೇ ಇರಲಿಲ್ಲವ್ವಾ, ನಿಮ್ಮ ತಪ್ಪಲ್ಲ. ಇವತ್ತಿಗೆ ನಿಲ್ಲಸ್ತೀವಿ," ಎಂದು ಡಾಕ್ಟರು ಪ್ರಯೋಗದ ಕಾಗದದಲ್ಲಿ ಅವನ ಹೆಸರಿಗೆ ಅಡ್ಡಗೆರೆ ಎಳೆದರು.

ನೀಲವ್ವನಿಗೆ ಸಮಾಧಾನವಾಗಲಿಲ್ಲ. ತಮ್ಮನ ಓದು ಬಿಡಿಸಿ ಆ ಕಂಬ ಹತ್ತುವ ಕೆಲಸಕ್ಕೆ ಸೇರಿಸಿದವಳೂ ಅವಳೇ. ಅವನು ಬಾಯ್ತುಂಬ ಮಾತಾಡುತ್ತಿದ್ದ ಕಾಲದಲ್ಲೂ ನಿನಗೇನು ಬೇಕೋ ಎಂದು ಒಂದು ದಿನವೂ ಕೇಳಿದವಳಲ್ಲ.

ಅವಳು ಅವನ ಕಿವಿಯ ಬಳಿ ಬಾಗಿದಳು. "ತಮ್ಮಾ, ನಾ ಇಲ್ಲೇ ಕೂಡ್ಲೇನೋ? ಬ್ಯಾಡಂದ್ರ ಹೋಗ್ತೀನಿ."

ಕೆಂಪು ಹತ್ತಿತು.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೊಮ್ಮೆ ಕೇಳಲಿಲ್ಲ. ಅವನು ಹೇಳಿದಂತೆಯೇ ಎದ್ದು ಹೊರಗೆ ಹೋದಳು.